ಕೋಡು ಮುರಿದ ಕಥೆ

ರಾತ್ರಿಯೆಲ್ಲ ಕಂಪ್ಯೂಟರಿನ ಮುಂದೆ ಕೂತು ಕೋಡ್ ಬರೆಯುತ್ತೇನೆ ಎಂದರೆ ನಮ್ಮಮ್ಮನಿಗೆ ಸುತಾರಾಂ ಅರ್ಥವಾಗುತ್ತಿರಲಿಲ್ಲ. "ಕೋಡು ಎಮ್ಮೆಗೆ ಬರೋದು. ನೀನು ಬರೆಯೋದು ಎಂತ ಮಾರಾಯ?" ಎನ್ನುತ್ತಿದ್ದರು. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಅದು 2008ನೇ ಇಸವಿ. ನಿಜ ಹೇಳಬೇಕೆಂದರೆ ಆಗ ನನ್ನ ತಲೆಯ ಮೇಲೂ ಸಣ್ಣಗೆ ಎರಡು ಮೂಡಿದ್ದವು.

ಮೂಡಿಸಿದವರು ಶೆಟ್ರು. ಮುಂಬಯಿ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಐದು ನಿಮಿಷ ನಡೆದರೆ ಅವರ ಹೋಟೆಲು. ಹದಿನಾಲ್ಕು ಟೇಬಲ್ಲು. ಬೆಳಿಗ್ಗೆ ಆರಕ್ಕೆ ಇಡ್ಲಿಯಿಂದ ಶುರುವಾಗಿ ರಾತ್ರಿ ಹನ್ನೊಂದಕ್ಕೆ ಪಾವ್ ಭಾಜಿಯಲ್ಲಿ ಮುಗಿಯುತ್ತಿತ್ತು. ನಮ್ಮ ಕುಂದಾಪುರದ ಕಡೆಯವರು, ಹಾಗಾಗಿ ನನ್ನ ಕಾಫಿಗೆ ಬಿಲ್ಲಿಲ್ಲ. ಒಂದು ಭಾನುವಾರ ಆ ಬಿಲ್ಲಿಲ್ಲದ ಕಾಫಿ ಕೊಟ್ಟು, ಗಲ್ಲಾದ ಪಕ್ಕ ಸ್ಟೂಲ್ ಎಳೆದು ಕೂರಿಸಿದರು.

"ನೀನು ಕಂಪ್ಯೂಟರಿನವ ಅಲ್ವಾ? ನಮಗೊಂದು ಬಿಲ್ಲಿನ ಪ್ರೋಗ್ರಾಂ ಮಾಡಿಕೊಡು. ಗಿರಾಕಿಗೆ ಇಂಗ್ಲಿಷ್ ಬಿಲ್ಲು. ಅಡುಗೆಮನೆಗೆ ಹೋಗುವ ಚೀಟಿ ಮಾತ್ರ ಕನ್ನಡದಲ್ಲಿ ಬರಬೇಕು. ಒಳಗಿನ ಹುಡುಗರೆಲ್ಲ ಕಾರ್ಕಳ, ಬೈಂದೂರಿನವರು. ದೀಪಾವಳಿಗೆ ಲಕ್ಷ್ಮೀಪೂಜೆ ದಿನ ಹೊಸ ಲೆಕ್ಕ ಶುರು ಮಾಡ್ತೇನಲ್ಲ, ಅವತ್ತು ಕಂಪ್ಯೂಟರ್ ಬಿಲ್ಲು ಹೊಡೀಬೇಕು. ಸುಮ್ನೆ ಬೇಡ, ದುಡ್ಡು ಕೊಡ್ತೇನೆ."

ಅವರ ಗಲ್ಲಾದ ಮೇಲೆ ಕೆಂಪು ರಟ್ಟಿನ ಬಿಲ್ ಬುಕ್ಕು ಇತ್ತು. ಎರಡು ಹಾಳೆಯ ನಡುವೆ ನೀಲಿ ಕಾರ್ಬನ್. ಮೇಲಿನದು ಗಿರಾಕಿಗೆ, ಕೆಳಗಿನದು ಶೆಟ್ರಿಗೆ. ಅವರ ಬೆರಳ ತುದಿ ಸದಾ ನೀಲಿ. ನಾನು ಆ ಕಾರ್ಬನ್ನನ್ನು ಕರುಣೆಯಿಂದ ನೋಡಿ, "ಇದೆಲ್ಲ ಇನ್ನು ಬೇಕಾಗೋದಿಲ್ಲ ಶೆಟ್ರೇ" ಎಂದೆ.

ಕೋಡು ಅಂದೆನಲ್ಲ, ಅದು ಇದೇ.

ಬರೆಯಲು ಹಿಡಿದದ್ದು ವಿಶುವಲ್ ಬೇಸಿಕ್ 6 ಎಂಬ ಪ್ರೋಗ್ರಾಂ ಭಾಷೆಯಲ್ಲಿ. ಅದು 1998ರ ಸರಕು. 2008ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟಿನವರು ಅದಕ್ಕೆ ಕೊಡುತ್ತಿದ್ದ ಬೆಂಬಲವನ್ನೇ ನಿಲ್ಲಿಸಿದರು. ನಾನು ಶುರು ಮಾಡಿದ್ದು ಮೇ ತಿಂಗಳಲ್ಲಿ. ಎಳ್ಳುನೀರು ಬಿಟ್ಟ ಮೇಲೆ ಸಂಬಂಧ ಬೆಳೆಸಿದ ಹಾಗೆ. ಆದರೆ ನನಗೆ ಬರುತ್ತಿದ್ದದ್ದು ಅದೇ. ಅದಕ್ಕೆ ಯೂನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಪದ್ಧತಿ, ಸರಿಯಾಗಿ ಒಗ್ಗುವುದಿಲ್ಲ. ಹಾಗಾಗಿ ಕನ್ನಡಕ್ಕೆ ನುಡಿ ಫಾಂಟು. ಆ ಕಾಲದ ನುಡಿಯ ಉಪಾಯ ಗೊತ್ತಲ್ಲ? ಒಳಗೆ ಇರೋದು ಇಂಗ್ಲಿಷ್ ಅಕ್ಷರ, ಡಿಗ್ರಿ ಚಿಹ್ನೆ, ಇನ್ನೇನೋ ಸೊಟ್ಟ ಗೆರೆಗಳು. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಫಾಂಟು ತೆಗೆದರೆ ಆಟ ಮುಗಿದ ಮೇಲೆ ಚೌಕಿಯಲ್ಲಿ ಬಣ್ಣ ಒರೆಸಿಕೊಂಡು ಕೂತ ವೇಷಧಾರಿಯ ಹಾಗೆ. ರಂಗದ ಮೇಲೆ ಕರ್ಣನಾಗಿದ್ದವ ಇವನೇನಾ ಅನ್ನಿಸುತ್ತದೆ.

ಹಗಲು ಆಫೀಸು, ಅಂಧೇರಿಯಲ್ಲಿ. ರಾತ್ರಿ ಒಂಬತ್ತೂವರೆಗೆ ಊಟ ಮುಗಿಸಿ ಕೂತರೆ ಹನ್ನೆರಡರವರೆಗೆ ಶೆಟ್ರ ಕೆಲಸ. ನಡುವೆ ಲೈಟ್ ಹೋಗುತ್ತಿತ್ತು. ಮುಂಬಯಿಯಲ್ಲಿ ಲೈಟ್ ಹೋಗೋದೇ ಇಲ್ಲ ಎಂದು ಮಾಟುಂಗಾದ ನೆಂಟರು ಹೇಳುತ್ತಿದ್ದರು. ಅವರ ಮಟ್ಟಿಗೆ ನಿಜ. ಆ ವರ್ಷಗಳಲ್ಲಿ ಶಹರದೊಳಗೆ ಲೋಡ್ ಶೆಡ್ಡಿಂಗ್ ಇರಲಿಲ್ಲ. ನಮ್ಮ ಡೊಂಬಿವಲಿ, ಕಲ್ಯಾಣದ ಕಡೆ ದಿನಕ್ಕೆ ಗಂಟೆಗಟ್ಟಲೆ ಇತ್ತು. ಅದಕ್ಕೊಂದು ವೇಳಾಪಟ್ಟಿಯೂ ಇತ್ತು. ಪಟ್ಟಿಯ ಪ್ರಕಾರ ಹೋದರೆ ಅದು ಲೋಡ್ ಶೆಡ್ಡಿಂಗ್, ಪಟ್ಟಿಯಲ್ಲಿ ಇಲ್ಲದಾಗ ಹೋದರೆ ಅದು ಫಾಲ್ಟು. ನಮಗೆ ಎರಡೂ ಸಿಗುತ್ತಿತ್ತು. ಯುಪಿಎಸ್ ಇತ್ತು, ಆದರೆ ಬ್ಯಾಟರಿ ಮುದಿಯಾಗಿತ್ತು. ಲೈಟ್ ಹೋದ ಕೂಡಲೇ ಕೀ ಕೀ ಎಂದು ನಾಲ್ಕು ಸಲ ಕೂಗಿ, ನಾನು ಸೇವ್ ಮಾಡಿ ಶಟ್‌ಡೌನ್ ಒತ್ತುವುದರೊಳಗೆ ಕಣ್ಣು ಮುಚ್ಚುತ್ತಿತ್ತು. ಬ್ಯಾಟರಿ ಬದಲಿಸಬೇಕು ಎಂದು ಹೆಂಡತಿ ಹೇಳಿದ್ದಳು. ಶೆಟ್ರ ದುಡ್ಡು ಬಂದ ಮೇಲೆ ಎಂದು ನಾನು ಹೇಳಿದ್ದೆ.

ಬರೆದದ್ದನ್ನು ಓದುವ ಕೆಲಸ ಲೋಕಲ್ ಟ್ರೇನಿನಲ್ಲಿ. ಪೆನ್ ಡ್ರೈವಿನಲ್ಲಿ ಕೋಡ್ ಒಯ್ದು, ಆಫೀಸಿನ ಮೂಲೆಯಲ್ಲಿ ಬಿದ್ದಿದ್ದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕರ್ ಕರ್ ಎಂದು ಹೊಡೆಸಿಕೊಳ್ಳುತ್ತಿದ್ದೆ. ಎರಡೂ ಅಂಚಿಗೆ ತೂತು ಇರುವ, ಮಡಿಕೆ ಮಡಿಕೆಯಾಗಿ ಉದ್ದಕ್ಕೆ ಬಿಚ್ಚಿಕೊಳ್ಳುವ ಕಾಗದ. ಘಾಟ್ಕೋಪರಿನಲ್ಲಿ ಹತ್ತಿದರೆ ಕೂರಲು ಸಿಗುವುದು ನಾಲ್ಕನೇ ಸೀಟು. ಲೋಕಲ್ಲಿನಲ್ಲಿ ಓಡಾಡಿದವರಿಗೆ ಗೊತ್ತು, ಮೂವರ ಬೆಂಚಿನಲ್ಲಿ ನಾಲ್ಕನೆಯವ ಎಂದರೆ ಅರ್ಧ ಸೊಂಟ ಬೆಂಚಿನ ಮೇಲೆ, ಅರ್ಧ ದೇವರ ಮೇಲೆ. ಹಾಗೆ ಕೂತು, ತೊಡೆಯ ಮೇಲೆ ಕಾಗದ ಬಿಚ್ಚಿ, ಕೆಂಪು ಪೆನ್ನಲ್ಲಿ ತಪ್ಪು ಗುರುತಿಸುತ್ತಿದ್ದೆ. ಎದುರಿನ ಕಾಕಾ ಒಮ್ಮೆ ಬಗ್ಗಿ ನೋಡಿ "ಕುಂಡಲಿ ಆಹೇ ಕಾ?" ಎಂದು ಕೇಳಿದರು. ಜಾತಕವೇ ಎಂದೆ. ಯಾರದ್ದು ಎಂದರು. ಹೋಟೆಲಿನದ್ದು ಎಂದೆ. ಆಮೇಲೆ ಅವರು ನನ್ನ ಕಡೆ ನೋಡಲಿಲ್ಲ.

ಓದಿ ಮುಗಿದ ಕಾಗದವನ್ನು ಮನೆಯ ಬಾಗಿಲ ಹಿಂದಿನ ಚೀಲಕ್ಕೆ ತುರುಕುತ್ತಿದ್ದೆ. ಅದು ಏನಾಯಿತು ಎಂದು ನಾನು ಯಾವತ್ತೂ ಕೇಳಲಿಲ್ಲ.

ಇಷ್ಟೆಲ್ಲ ಮಾಡುವವನು ಬ್ಯಾಕಪ್ ಇಟ್ಟುಕೊಂಡಿರಲಿಲ್ಲವಾ ಎಂದು ಕೇಳಬೇಡಿ. ಇಟ್ಟಿದ್ದೆ. ಮೂರು ಇಟ್ಟಿದ್ದೆ. ಕೋಡು ಇನ್ನೂ ಉದ್ದವಾಗಿದ್ದು ಅಲ್ಲೇ. ಪ್ರತಿ ಶನಿವಾರ ರಾತ್ರಿ ಸಿ ಡ್ರೈವಿನಲ್ಲಿದ್ದ ಫೋಲ್ಡರನ್ನು ಡಿ ಡ್ರೈವಿಗೆ ಕಾಪಿ ಮಾಡುತ್ತಿದ್ದೆ. ಅಲ್ಲಿ 'ಶೆಟ್ರು ಫೈನಲ್', 'ಶೆಟ್ರು ಫೈನಲ್ ಹೊಸತು', 'ಶೆಟ್ರು ನಿಜವಾದ ಫೈನಲ್', 'ಇದನ್ನು ಮುಟ್ಟಬೇಡ' ಎಂದೆಲ್ಲ ಸಾಲಾಗಿ ಕೂತಿದ್ದವು. ಪೆನ್ ಡ್ರೈವಿನಲ್ಲಿ ಒಂದು ಪ್ರತಿ. ಗಣೇಶ ಚೌತಿಯ ದಿನ ಒಂದು ಸಿಡಿಗೂ ಬರೆದು, ಮೇಲೆ ಮಾರ್ಕರಿನಲ್ಲಿ ತಾರೀಖು ಹಾಕಿ, ದೇವರ ಗೂಡಿನ ಪಕ್ಕ ಇಟ್ಟಿದ್ದೆ.

ಆ ವರ್ಷ ಆಯುಧಪೂಜೆ ಅಕ್ಟೋಬರ್ 8ಕ್ಕೆ ಬಂತು. ಅಮ್ಮ ಊರಿಂದ ಬಂದಿದ್ದರು. ಸಿಪಿಯುಗೆ ಅರಿಶಿನ ಕುಂಕುಮ, ಮಾನಿಟರಿಗೆ ಚೆಂಡುಹೂವಿನ ಮಾಲೆ, ಮೌಸಿನ ಬೆನ್ನಿಗೆ ಒಂದು ಬೊಟ್ಟು. "ಇವತ್ತು ಮುಟ್ಟಬೇಡ. ಆಯುಧಕ್ಕೂ ಒಂದು ದಿನ ವಿಶ್ರಾಂತಿ ಬೇಡ್ವಾ?" ಎಂದರು. ಸರಿ ಎಂದು ಬಿಟ್ಟೆ. ಕೆಲಸ ಹೆಚ್ಚುಕಡಿಮೆ ಮುಗಿದೇ ಇತ್ತು. ಪಾರ್ಸೆಲ್ ಚಾರ್ಜಿನದೊಂದು ಸಣ್ಣ ತಿದ್ದುಪಡಿ ಉಳಿದಿತ್ತು ಅಷ್ಟೆ.

ಮಾರನೆ ದಿನ ವಿಜಯದಶಮಿ. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ದಿನ. ಸ್ನಾನ ಮಾಡಿ, ಕಾಫಿ ಕುಡಿದು, ಮಾಲೆ ಪಕ್ಕಕ್ಕೆ ಸರಿಸಿ ಬಟನ್ ಒತ್ತಿದೆ.

ಟಕ್. ಟಕ್. ಟಕ್.

ಸ್ವಲ್ಪ ಬಿಟ್ಟು ಮತ್ತೆ, ಟಕ್. ಟಕ್. ಟಕ್. ಒಳಗೆ ಯಾರೋ ಬಳೆ ಹಾಕಿದ ಕೈಯಲ್ಲಿ ಬಾಗಿಲು ತಟ್ಟುತ್ತಿದ್ದಾರೆ ಎನ್ನುವ ಹಾಗೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಹಾರ್ಡ್ ಡಿಸ್ಕೇ ಕಾಣುತ್ತಿಲ್ಲ ಎಂದು ಬಂತು. ಆಫ್ ಮಾಡಿ ಆನ್ ಮಾಡಿದೆ. ಕೇಬಲ್ ಕಿತ್ತು ಮತ್ತೆ ಹಾಕಿದೆ. ಸಿಪಿಯು ಮುಚ್ಚಳ ತೆಗೆದು ಊದಿದೆ. ಕುಂಕುಮ ಹಾರಿ ಕಣ್ಣಿಗೆ ಬಿತ್ತು.

ಮನೆಯಲ್ಲಿ ವಿಚಾರಣೆ ಶುರುವಾಯಿತು. ಕುಂಬಳಕಾಯಿ ಒಡೆಯಲಿಲ್ಲ, ನಿಂಬೆಹಣ್ಣಲ್ಲೇ ಮುಗಿಸಿದಿ, ಅದಕ್ಕೇ ಎಂದು ಅಮ್ಮ. ಸಿಪಿಯು ತೂತಿನೊಳಗೆ ಅರಿಶಿನ ಹೋಗಿದೆ ಎಂದು ಹೆಂಡತಿ. ಇಬ್ಬರದ್ದೂ ತಪ್ಪು. ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಓದುವ ಬರೆಯುವ ಹೆಡ್ಡು ತೇಲುತ್ತಿರುತ್ತದೆ. ನಡುವಿನ ಸಂದು ನಮ್ಮ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ವಿದ್ಯುತ್ ಹೋದ ಕೂಡಲೇ ಆ ಹೆಡ್ಡು ಎದ್ದೆನೋ ಬಿದ್ದೆನೋ ಎಂದು ತನ್ನ ಜಾಗಕ್ಕೆ ಓಡಬೇಕು. ದಿನಾ ಬೆಳಗಾದರೆ ಹೀಗೆ ಓಡಿಸಿದರೆ ಒಂದು ದಿನ ಎಡವದೆ ಇರುತ್ತದಾ? ಟಕ್ ಟಕ್ ಅನ್ನೋದು ಹೆಡ್ಡು ದಾರಿ ಹುಡುಕಿ ಹುಡುಕಿ, ಸಿಗದೆ, ಮತ್ತೆ ಮತ್ತೆ ವಾಪಸ್ಸು ಬರುವ ಸದ್ದು. ಬ್ಯಾಟರಿ ಬದಲಿಸಿದ್ದರೆ ಒಂದಿಷ್ಟು ದಿನ ಜಾಸ್ತಿ ಬದುಕುತ್ತಿತ್ತೇನೋ. ಇದನ್ನು ನಾನು ಹೆಂಡತಿಗೆ ಹೇಳಲು ಹೋಗಲಿಲ್ಲ. ಅರಿಶಿನವೇ ಇರಬಹುದು ಎಂದೆ.

ನಾನು ಗಾಬರಿಯಾಗಲಿಲ್ಲ. ಡಿ ಡ್ರೈವಿನಲ್ಲಿ ಇದೆಯಲ್ಲ ಎಂದುಕೊಂಡೆ. ಹೌದು, ಹತ್ತು ವರ್ಷ ಕಂಪ್ಯೂಟರಿನಲ್ಲೇ ಅನ್ನ ತಿಂದ ನಾನು ಪೂರ್ತಿ ಅರ್ಧ ನಿಮಿಷ ಹಾಗೆ ಅಂದುಕೊಂಡೆ. ಆಮೇಲೆ ಹೊಟ್ಟೆಯೊಳಗೆ ಏನೋ ಜಾರಿತು. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಪಾಲು. ಜೇಬುಗಳ್ಳರಿಗೆ ಹೆದರಿ ದುಡ್ಡನ್ನು ಎಡಗಿಸೆ ಬಲಗಿಸೆಗೆ ಹಂಚಿ ಇಟ್ಟುಕೊಂಡಿದ್ದೆ. ಹೋದದ್ದು ಪ್ಯಾಂಟು.

ಪೆನ್ ಡ್ರೈವು? ಅದನ್ನು ನವರಾತ್ರಿಯ ಮೊದಲ ದಿನ ಭಾವ ತೆಗೆದುಕೊಂಡು ಹೋಗಿದ್ದ. ಫೋನ್ ಮಾಡಿದೆ. "ಅದರಲ್ಲಿ ಎಂಥದೋ ಕಸ ತುಂಬಿತ್ತು ಭಾವ, ಫಾರ್ಮ್ಯಾಟ್ ಹೊಡೆದು ಅಣ್ಣಾವ್ರ ಹಾಡು ಹಾಕಿದ್ದೇನೆ. ಇನ್ನೂರು ಹಾಡು ಹಿಡೀತು" ಎಂದ. ಖುಷಿಯಲ್ಲಿದ್ದ. ಅಳಿಸಿದ್ದನ್ನು ವಾಪಸ್ಸು ತೆಗೆಯುವ ಸಾಫ್ಟ್‌ವೇರ್ ಇರುತ್ತದೆ, ಆದರೆ ಅಳಿಸಿದ ಜಾಗದ ಮೇಲೆ ಮತ್ತೊಂದು ಬರೆಯದಿದ್ದರೆ ಮಾತ್ರ. ಅಣ್ಣಾವ್ರು ಇನ್ನೂರು ಸಲ ಬರೆದಿದ್ದರು.

ಉಳಿದದ್ದು ಸಿಡಿ. ದೇವರ ಗೂಡಿನ ಪಕ್ಕದಿಂದ ಅದನ್ನು ತೆಗೆದು, ಮುಂಬಯಿಯ ಮಳೆಗಾಲದ ಬೂಷ್ಟು ಹತ್ತಿದೆಯಾ ಎಂದು ಬೆಳಕಿಗೆ ಹಿಡಿದು ನೋಡಿದೆ. ಫಳಫಳ ಅನ್ನುತ್ತಿತ್ತು. ಕೆಳಗಿನ ಮನೆಯ ಕಾಕುವಿನ ಮಗನ ಕಂಪ್ಯೂಟರಿಗೆ ಹಾಕಿದೆ. ತೆರೆಯಿತು. 'ಶೆಟ್ರು ಫೈನಲ್' ಎಂಬ ಹೆಸರು ಕಂಡಾಗ ಕಣ್ಣಲ್ಲಿ ನೀರು ಬಂತು. ಅದರ ಗಾತ್ರ ನೋಡಿದಾಗ ಆ ನೀರು ಅಲ್ಲೇ ನಿಂತಿತು. ಒಂದು ಕೆಬಿ. ಡೆಸ್ಕ್‌ಟಾಪಿನ ಮೇಲಿದ್ದ ಶಾರ್ಟ್‌ಕಟ್ಟನ್ನು ಸಿಡಿಗೆ ಬರೆದಿದ್ದೆ. ಮೂಲೆಯಲ್ಲಿ ಆ ಪುಟ್ಟ ಬಾಗಿದ ಬಾಣ ಇರುತ್ತದಲ್ಲ, ಅದು. ಮನೆ ಕಟ್ಟಿಸಿ ಕೊಡಿ ಎಂದರೆ ಮನೆಯ ವಿಳಾಸ ಬರೆದ ಚೀಟಿ ಕೊಟ್ಟ ಹಾಗೆ. ಆ ಚೀಟಿಗೆ ದೇವರ ಗೂಡಿನ ಪಕ್ಕ ಒಂದು ತಿಂಗಳು ದೀಪ ಹಚ್ಚಿದ್ದೆವು.

ಇದನ್ನು ಬಹಳ ವರ್ಷ ನಾನು ಯಾರಿಗೂ ಹೇಳಿರಲಿಲ್ಲ. ಆಮೇಲೆ 2017ರ ಜನವರಿ 31ರಂದು ಗಿಟ್‌ಲ್ಯಾಬಿನಲ್ಲಿ ಒಬ್ಬ ಎಂಜಿನಿಯರ್ ತಪ್ಪಿ ಅಸಲು ಡೇಟಾಬೇಸನ್ನೇ ಅಳಿಸಿಬಿಟ್ಟ. ಪ್ರಪಂಚದ ಪ್ರೋಗ್ರಾಮರುಗಳು ತಮ್ಮ ಕೋಡನ್ನು ಭದ್ರವಾಗಿರಲಿ ಎಂದು ಇಡುವ ಜಾಗ ಅದು. ಅವರ ಹತ್ತಿರ ಬ್ಯಾಕಪ್ಪಿಗೆ ಐದು ವ್ಯವಸ್ಥೆ ಇದ್ದವು. ಹೋಗಿ ನೋಡಿದರೆ ಐದರಲ್ಲಿ ಒಂದೂ ನೆಟ್ಟಗೆ ನಡೆಯುತ್ತಿರಲಿಲ್ಲ. ಅದೇ ಎಂಜಿನಿಯರ್ ಯಾವುದೋ ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿಯೊಂದು ಆಕಸ್ಮಿಕವಾಗಿ ಸಿಕ್ಕಿ, ಆರು ಗಂಟೆಯ ನಷ್ಟದಲ್ಲಿ ಪಾರಾದರು. ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರವನ್ನೂ ಮಾಡಿದರು. ನಾನು ಅವತ್ತು ಹೆಂಡತಿಯನ್ನು ಕರೆದು ತೋರಿಸಿದೆ. "ನೋಡು, ಐದಕ್ಕೆ ಐದೂ ಹೋಗಿದೆ. ನಮ್ಮದು ಬರೀ ಮೂರು." ಅವಳು, "ಅವರು ಶಾರ್ಟ್‌ಕಟ್ ಬರೆದಿದ್ರಾ?" ಎಂದು ಕೇಳಿ ಒಳಗೆ ಹೋದಳು.

ಇರಲಿ. 2008ಕ್ಕೆ ವಾಪಸ್ಸು. ದೀಪಾವಳಿಗೆ ಮೂರು ವಾರವೂ ಇರಲಿಲ್ಲ. ಶುಕ್ರವಾರ ಆಫೀಸಿಗೆ ಹೊಟ್ಟೆನೋವು ಎಂದು ಹೇಳಿ, ಸತ್ತ ಡಿಸ್ಕನ್ನು ಹೆಂಡತಿಯ ಹಳೆ ಬ್ಲೌಸ್ ಪೀಸಿನಲ್ಲಿ ಸುತ್ತಿ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದು ನಡೆದರೆ ಸಿಗುತ್ತದೆ. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗ ಎಂದಿರುತ್ತದೆ. ಆ ಹೆಸರು ಹೇಳಿದರೆ ಟ್ಯಾಕ್ಸಿಯವನೂ ತಿರುಗಿ ನೋಡುತ್ತಾನೆ. ಎಲ್ಲರಿಗೂ ಅದು ಲ್ಯಾಮಿಂಗ್ಟನ್ ರೋಡೇ. ಕಂಪ್ಯೂಟರಿಗೆ ಸಂಬಂಧಪಟ್ಟದ್ದು ಅಲ್ಲಿ ಸಿಗದಿದ್ದರೆ ಮುಂಬಯಿಯಲ್ಲಿ ಬೇರೆಲ್ಲೂ ಸಿಗದು. ಒಂದು ಕಿರಿದಾದ ಮೆಟ್ಟಿಲು ಹತ್ತಿ, ಡೇಟಾ ತೆಗೆದುಕೊಡುವ ಅಂಗಡಿಗೆ ಹೋದೆ. ಒಳಗಿದ್ದವ ಡಿಸ್ಕಿಗೆ ವಯರು ಸಿಕ್ಕಿಸಿ, ಕಿವಿ ಹತ್ತಿರ ಹಿಡಿದ. ಡಾಕ್ಟರು ಎದೆಬಡಿತ ಕೇಳುವ ಹಾಗೆ ಕಣ್ಣು ಮುಚ್ಚಿ ಕೇಳಿದ. ನನಗೆ ಅವನ ಮುಖ ನೋಡಲಾಗಲಿಲ್ಲ.

"ಹೆಡ್ ಗಯಾ" ಎಂದ. ಹದಿನೈದು ಸಾವಿರ ಆಗುತ್ತದೆ, ಗ್ಯಾರಂಟಿ ಇಲ್ಲ, ಒಂದು ತಿಂಗಳು ಬೇಕು. ಹೊಸ ಡಿಸ್ಕಿಗೆ ಎಷ್ಟು ಎಂದೆ. ಎರಡೂವರೆ ಸಾವಿರ. ಶೆಟ್ರು ನನಗೆ ಕೊಡುತ್ತೇನೆ ಎಂದಿದ್ದದ್ದು ಹತ್ತು ಸಾವಿರ. ಲೆಕ್ಕ ಮಾಡಲು ಪ್ರೋಗ್ರಾಂ ಬೇಕಾಗಲಿಲ್ಲ. ಹೊಸದೊಂದು ಕೊಂಡೆ. ಹೊರಡುವಾಗ ಅವನೇ ಕನಿಕರಪಟ್ಟು ಒಂದು ಮನೆಮದ್ದು ಹೇಳಿದ. ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಿನಲ್ಲಿ ಇಡು, ತಣ್ಣಗಾದರೆ ಕೆಲವು ಸಲ ಸ್ವಲ್ಪ ಹೊತ್ತು ಓಡುತ್ತದೆ.

ಆಗ ಈ ಮದ್ದು ಬಹಳ ಚಾಲ್ತಿಯಲ್ಲಿತ್ತು. ಹೊರಗೆ ತೆಗೆದ ಕೂಡಲೇ ತಟ್ಟೆಯ ಮೇಲೆ ನೀರಿನ ಪಸೆ ಕೂತು ಇದ್ದದ್ದೂ ಕೆಡುತ್ತದೆ, ಅದನ್ನು ಮಾಡಲೇಬಾರದು ಎಂದು ತಿಳಿದವರು ಹೇಳುತ್ತಾರೆ. ಮುಳುಗುವವನಿಗೆ ಹುಲ್ಲುಕಡ್ಡಿ. ಡಿಸ್ಕನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಫ್ರೀಜರಿನಲ್ಲಿ ಬಂಗುಡೆ ಮೀನಿನ ಪಕ್ಕ ಇಟ್ಟೆ. ಅದೇ ತರದ ಚೀಲ, ಅದೇ ಗಾತ್ರ. ಬೆಳಿಗ್ಗೆ ಅಮ್ಮ ಸಾರು ಮಾಡಲೆಂದು ತೆಗೆದು ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಟ್ಟದ್ದು ಬಂಗುಡೆಯನ್ನಲ್ಲ.

"ಇದೆಂಥ, ಇನ್ನೂ ಗಟ್ಟಿಯೇ ಉಂಟಲ್ಲ!" ಎಂಬ ಅವರ ಮಾತು ಕೇಳಿ ನಾನು ಎದ್ದದ್ದು.

ಆವತ್ತು ಮಧ್ಯಾಹ್ನ ನಾನು ಊಟಕ್ಕೆ ಏಳಲಿಲ್ಲ. ಅಮ್ಮನಿಗೆ ಪಾಪ ಅನ್ನಿಸಿತು. ಪಕ್ಕ ಕೂತು, ನಡೆದದ್ದನ್ನೆಲ್ಲ ಕೇಳಿದರು. ಸಿ, ಡಿ, ಪೆನ್ ಡ್ರೈವು ಎಲ್ಲ ಹೇಳಿದೆ. ಕೊನೆಗೆ, "ಮಿಡಿ ಉಪ್ಪಿನಕಾಯಿ ಯಾರಾದ್ರೂ ಒಂದೇ ಭರಣಿಯಲ್ಲಿ ಹಾಕ್ತಾರಾ ಮಗ?" ಎಂದರು. ಅವರದ್ದು ಯಾವಾಗಲೂ ಮೂರು ಪಾಲು. ಒಂದು ದಿನಬಳಕೆಗೆ ಕೈಗೆ ಸಿಗುವಲ್ಲಿ, ಒಂದು ಬಾಯಿಗೆ ಬಟ್ಟೆ ಕಟ್ಟಿ ಅಟ್ಟದಲ್ಲಿ, ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಪುಣೆಯ ಅಕ್ಕನ ಮನೆಗೆ. ಒಂದಕ್ಕೆ ಬೂಷ್ಟು ಬಂದರೂ ವರ್ಷ ಸಾಗುತ್ತದೆ. ಬಹಳ ವರ್ಷದ ಮೇಲೆ ನಾನು ಪೀಟರ್ ಕ್ರೋ ಎಂಬ ಅಮೆರಿಕದ ಫೋಟೋಗ್ರಾಫರು ಜನಪ್ರಿಯ ಮಾಡಿದ 3-2-1 ಸೂತ್ರ ಓದಿದೆ. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿ ಇರಲಿ, ಒಂದು ಮನೆಯಿಂದ ಹೊರಗೆ ಇರಲಿ. ಎರಡು ಭರಣಿ, ಒಂದು ಪ್ಲಾಸ್ಟಿಕ್ ಡಬ್ಬಿ, ಪುಣೆ. ಅಮ್ಮನದ್ದು ಎಲ್ಲ ಸರಿಯಾಗಿತ್ತು.

ಆಗ ಹೆಂಡತಿ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಸಾಸಿವೆ ಡಬ್ಬಿ.

"ನೀವು ಹುಡುಕ್ತಿರೋದು ಆ ತೂತಿನ ಕಾಗದದಲ್ಲಿ ಇರುತ್ತಿತ್ತಲ್ಲ, ಅದೇನಾ?"

ಹೌದು ಎಂದೆ.

"ಅದು ನಮ್ಮ ಶೆಲ್ಫಿನಲ್ಲಿ ಉಂಟು."

ಬಾಗಿಲ ಹಿಂದಿನ ಚೀಲದ ಕಾಗದವನ್ನೆಲ್ಲ ಅವಳು ಅಡುಗೆಮನೆಯ ಶೆಲ್ಫುಗಳಿಗೆ ಹಾಸಿದ್ದಳು. ಪೇಪರಿಗಿಂತ ದಪ್ಪ, ಹರಿಯದೆ ಉದ್ದಕ್ಕೆ ಬರುತ್ತದೆ, ಅಂಚಿನ ತೂತು ಕಸೂತಿ ಹಾಕಿದ ಹಾಗೆ ಕಾಣುತ್ತದೆ ಎಂದು ಬಹಳ ಮೆಚ್ಚಿಕೊಂಡಿದ್ದಳಂತೆ. ಪ್ರತಿ ತಿಂಗಳು ಒಂದೊಂದು ಶೆಲ್ಫಿಗೆ ಬದಲಿಸುತ್ತಿದ್ದಳು. ಹಾಗಾಗಿ ಕೆಳಗಿನ ಅಕ್ಕಿ ಡಬ್ಬದ ಅಡಿಯಲ್ಲಿ ಜೂನ್ ತಿಂಗಳ ಕೋಡ್, ಬೇಳೆಗಳ ಅಡಿಯಲ್ಲಿ ಜುಲೈ, ಮಸಾಲೆ ಡಬ್ಬಿಗಳ ಅಡಿಯಲ್ಲಿ ಸೆಪ್ಟೆಂಬರ್. ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದದ್ದು 2005ರಲ್ಲಿ. ಯಾವ ದಿನ ಯಾವ ಸಾಲು ಹೇಗಿತ್ತು ಎಂದು ಎಲ್ಲ ನೆನಪಿಟ್ಟುಕೊಳ್ಳುವ ಸಾಫ್ಟ್‌ವೇರು. ಮೂರು ವರ್ಷದಿಂದ ಪುಕ್ಕಟೆ ಸಿಗುತ್ತಿತ್ತು. ನಾನು ಬಳಸಿರಲಿಲ್ಲ. ಅವಳು ಹೆಸರೂ ಕೇಳದೆ ಅದನ್ನೇ ಮಾಡಿಟ್ಟಿದ್ದಳು.

ಎಂಬತ್ತು ಡಬ್ಬಿ ನೆಲಕ್ಕೆ ಇಳಿಯಿತು. ಅಡುಗೆಮನೆಯಲ್ಲಿ ಕಾಲಿಡಲು ಜಾಗ ಇಲ್ಲ. ಆ ಸಂಜೆ ಎಲ್ಲರಿಗೂ ಶೆಟ್ರ ಹೋಟೆಲಿನ ಊಟ. ಕೆಲಸ ಹೇಗೆ ನಡೆದಿದೆ ಎಂದು ಶೆಟ್ರು ಕೇಳಿದರು. ಮಸಾಲೆ ಹಂತದಲ್ಲಿದೆ ಎಂದೆ.

ಕಾಗದ ಸಿಕ್ಕಿದರೆ ಆಯಿತಾ? ಮತ್ತೆ ಟೈಪ್ ಮಾಡಬೇಕಲ್ಲ. ದಿನಾ ರಾತ್ರಿ ಹೆಂಡತಿ ಓದುವುದು, ನಾನು ಟೈಪಿಸುವುದು. "ಇಫ್, ಬ್ರ್ಯಾಕೆಟ್, ಟೋಟಲ್, ಆಮೇಲೆ ಎಣ್ಣೆ." ಎಣ್ಣೆ ಎಂದರೆ ಅಲ್ಲಿ ಎಣ್ಣೆಯ ಕಲೆ. ಅಕ್ಷರ ಕಾಣುತ್ತಿರಲಿಲ್ಲ. ದೀಪದ ಎದುರು ಹಿಡಿದರೆ ಎಣ್ಣೆ ಹೀರಿದ ಕಾಗದ ಗಾಜಿನ ಹಾಗಾಗಿ, ಹಿಂದುಮುಂದಾಗಿ ಚೂರು ಕಾಣುತ್ತಿತ್ತು. ಅರಿಶಿನದ ಕಲೆ ವಾಸಿ, ಹಳದಿಯಾದರೂ ಓದಬಹುದು. ಹುಣಸೆಹಣ್ಣಿನ ಜಾಡಿಯ ಅಡಿಯಲ್ಲಿದ್ದ ಹಾಳೆ ಜಾಡಿಗೇ ಅಂಟಿಕೊಂಡಿತ್ತು. ಜಾಡಿಯನ್ನು ಮಗುಚಿ ಹಿಡಿದು ಓದಿದೆವು. ಕನ್ನಡದ ತಿಂಡಿ ಪಟ್ಟಿ ಇನ್ನೊಂದು ಕಥೆ. ಆಫೀಸಿನ ಪ್ರಿಂಟರಿಗೆ ನುಡಿ ಎಲ್ಲಿಂದ ಬರಬೇಕು? ಎಲ್ಲ ತಿಂಡಿಗಳೂ ಬಣ್ಣ ಒರೆಸಿಕೊಂಡು ಸಾಲಾಗಿ ನಿಂತಿದ್ದವು. ಯಾವುದು ನೀರುದೋಸೆ, ಯಾವುದು ಗೋಳಿಬಜೆ ಎಂದು ಬೆಲೆ ನೋಡಿ ಊಹಿಸಬೇಕಾಯಿತು.

ಎರಡು ಹಾಳೆ ಕಡಿಮೆ ಬಿದ್ದವು. ಒಂದರಲ್ಲಿ ಚೌತಿಗೆ ಚಕ್ಕುಲಿ ಸುತ್ತಿ ಮಾಟುಂಗಾದ ಅತ್ತಿಗೆಗೆ ಕೊಟ್ಟಿದ್ದಳಂತೆ. ಚಕ್ಕುಲಿ ಚೆನ್ನಾಗಿತ್ತು, ಕಾಗದ ಅವತ್ತೇ ಬಿಸಾಕಿದೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಅದನ್ನು ನೆನಪಿನಿಂದ ಬರೆದೆ. ಮೊದಲಿಗಿಂತ ಚೆನ್ನಾಗಿಯೇ ಬಂತು, ಸುಳ್ಳು ಯಾಕೆ ಹೇಳಲಿ. ಇನ್ನೊಂದು ಸಿಕ್ಕಿದ್ದು ಎಲ್ಲಕ್ಕಿಂತ ಮೇಲಿನ ಶೆಲ್ಫಿನಲ್ಲಿ, ಇಂಗಿನ ಡಬ್ಬಿಯ ಅಡಿಯಲ್ಲಿ. ದಿನದ ಕೊನೆಗೆ ಗಲ್ಲಾ ಲೆಕ್ಕ ಹಾಕುವ ಭಾಗ ಅದು. ತೆಗೆಯಲು ಹೋದರೆ ಹೆಂಡತಿ ಬಿಡಲಿಲ್ಲ. "ಮಳೆಗಾಲದಲ್ಲಿ ಇಂಗಿನ ಡಬ್ಬಿ ಅಲ್ಲಾಡಿಸಬಾರದು. ಅಲ್ಲೇ ನಿಂತು ಬರ್ಕೊಳ್ಳಿ." ಅಕ್ಟೋಬರಿನಲ್ಲಿ ಎಂಥ ಮಳೆಗಾಲ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸ್ಟೂಲ್ ಮೇಲೆ ನಿಂತು ಕಾಗದದಲ್ಲಿ ಇಳಿಸಿಕೊಂಡೆ. ಅರ್ಧಕ್ಕೆ ಲೈಟ್ ಹೋಯಿತು. ಅಮ್ಮ ಟಾರ್ಚ್ ಹಿಡಿದರು.

ಲಕ್ಷ್ಮೀಪೂಜೆಯ ಸಂಜೆ ಶೆಟ್ರ ಗಲ್ಲಾದ ಮೇಲೆ ಕಂಪ್ಯೂಟರು, ಪಕ್ಕದಲ್ಲಿ ಪ್ರಿಂಟರು. ಎರಡಕ್ಕೂ ಮಾಲೆ. ನಾನೇ ಮುಂದೆ ನಿಂತು ಸಿಪಿಯು ತೂತಿನ ಹತ್ತಿರ ಯಾರೂ ಕುಂಕುಮ ತರದ ಹಾಗೆ ನೋಡಿಕೊಂಡೆ. ಮೊದಲ ಗಿರಾಕಿ ಎರಡು ಮಸಾಲೆ ದೋಸೆ ಪಾರ್ಸೆಲ್ ಕೇಳಿದರು. ಒಳಗೆ ಚೀಟಿ ಹೋಯಿತು, ಕನ್ನಡದಲ್ಲೇ ಹೋಯಿತು. ಬೈಂದೂರಿನ ಹುಡುಗ ಅದನ್ನು ಹಿಡಿದು, "ಎರಡು ಗೋಳಿಬಜೆ!" ಎಂದು ಕೂಗಿದ. ಬಿಲ್ಲು ಕರ್ ಎಂದು ಹೊರಗೆ ಬಂತು. ಪಾರ್ಸೆಲ್ ಚಾರ್ಜ್ ಒಂದೂವರೆ ರೂಪಾಯಿ ಇರಬೇಕಾದಲ್ಲಿ ಹದಿನೈದು. ಕಾಗದದ ಮೇಲಿನ ಆ ಚುಕ್ಕೆಯನ್ನು ನಾವು ಸಾಸಿವೆ ಎಂದು ಬಿಟ್ಟುಬಿಟ್ಟಿದ್ದೆವು.

ಶೆಟ್ರು ಬಿಲ್ಲನ್ನು ಮೂಗಿನ ಹತ್ತಿರ ತಂದು ನೋಡಿದರು. ಹದಿನೈದಕ್ಕೆ ಗೆರೆ ಹೊಡೆದು, ಕೈಯಲ್ಲೇ ಒಂದೂವರೆ ಬರೆದರು. ಆಮೇಲೆ ಪ್ರಿಂಟರನ್ನು ಸುತ್ತ ನೋಡಿ ಕೇಳಿದರು.

"ಈ ಮಿಷನ್ನಿಗೆ ಎರಡು ಹಾಳೆ ಇಟ್ಟು ನಡುವೆ ಕಾರ್ಬನ್ ಹಾಕಲಿಕ್ಕೆ ಆಗ್ತದಾ?"

ಆಗುತ್ತದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಸೂಜಿಯಿಂದ ಕುಟ್ಟಿ ಕುಟ್ಟಿ ಬರೆಯುವುದರಿಂದ ಕೆಳಗಿನ ಹಾಳೆಗೂ ಮೂಡುತ್ತದೆ. ನಾನೇ ಮರುದಿನ ಕಾರ್ಬನ್ ಕೂಡಿಸಿದ ಕಾಗದದ ಕಟ್ಟು ತಂದುಕೊಟ್ಟೆ. ಶೆಟ್ರು ಅದನ್ನು ಒಂಬತ್ತು ವರ್ಷ ಓಡಿಸಿದರು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಬೇರೆ ಯಾರೋ ಹೊಸ ಸಾಫ್ಟ್‌ವೇರ್ ಹಾಕಿಕೊಟ್ಟರು.

ಇಂಗಿನ ಡಬ್ಬಿಯ ಅಡಿಯ ಹಾಳೆ ಈಗಲೂ ಅಲ್ಲೇ ಇದೆ. ಹೋದ ದೀಪಾವಳಿಗೆ ಶೆಲ್ಫು ಒರೆಸುವಾಗ, ಹಳದಿಯಾಗಿ ಹೋಗಿದೆ, ತೆಗೆದು ಹೊಸದು ಹಾಸಲಾ ಎಂದು ಕೇಳಿದೆ.

"ಬೇರೆ ಎಲ್ಲಾದ್ರೂ ಕಾಪಿ ಇದೆಯಾ ನಿಮ್ಮ ಹತ್ತಿರ?" ಎಂದಳು.

ಇದೆ ಎಂದೆ.

"ತೆರೆದು ನೋಡಿದ್ದೀರಾ?"

ನಾನು ಡಬ್ಬಿಯನ್ನು ಇದ್ದಲ್ಲೇ ಇಟ್ಟು ಸ್ಟೂಲಿನಿಂದ ಇಳಿದೆ.